ಉಕ್ಕಿನ ತಟ್ಟೆಗೆ ಯಾವ ಪಿಸ್ತೂಲು?

ಪ್ರಶ್ನೆ: ನಾನು ನೌಕಾಪಡೆಯಿಂದ ನಿವೃತ್ತನಾಗಿ ಕಾರವಾರದಲ್ಲಿ ನೆಲೆಸಿದ್ದೇನೆ. ಅಮೆರಿಕದ ಅರಿಜೋನಾದಲ್ಲಿ ಉದ್ಯೋಗದಲ್ಲಿರುವ ಮಗಳು ಅಲ್ಲಿನ ಕ್ಲಬ್ಬೊಂದರಲ್ಲಿ ಎರವಲು ಪಿಸ್ತೂಲು ಹಿಡಿದು ‘ಸ್ಟೀಲ್ ಚಾಲೆಂಜ್’ ಎಂಬ ಸ್ಪರ್ಧೆಯಲ್ಲಿ ಭಾಗವಹಿಸುತ್ತಿದ್ದಾಳೆ. ಈಗ ಸ್ವಂತಕ್ಕೊಂದು .22 ರಿಮ್‌ಫೈರ್ ಪಿಸ್ತೂಲು ಕೊಳ್ಳುವ ಯೋಚನೆಯಿದೆ. ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ, ಈ ಮೂರರಲ್ಲಿ ಯಾವುದು ಒಳ್ಳೆಯದು? ರೆಡ್ ಡಾಟ್ (ಕಾಚಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್) ಬೇಕೇ? ನಳಿಕೆಯ ತುದಿಗೆ ಕಾಂಪೆನ್ಸೇಟರ್ (ಅನಿಲವನ್ನು ಮೇಲಕ್ಕೆ ತಿರುಗಿಸಿ ನಳಿಕೆ ಏಳದಂತೆ ತಡೆಯುವ ಸಾಧನ) ಹಾಕಿಸಬೇಕೇ? ಊರಿಗೆ ಬರುವಾಗ ಅದನ್ನು ತರಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಪಿಸ್ತೂಲಿನ ಮಾತಿಗೆ ಮೊದಲು ವೀಸಾದ ಮಾತು. ಎಚ್-1ಬಿ, ವಿದ್ಯಾರ್ಥಿ ವೀಸಾ ಮುಂತಾದ ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿಯಿದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಮಗಳು ಯಾವ ವೀಸಾದ ಮೇಲೆ ಇದ್ದಾರೆಂದು ನೀವು ಬರೆದಿಲ್ಲ. ಎರವಲು ಪಿಸ್ತೂಲಿಗೂ ಈ ಪ್ರಶ್ನೆ ತಗಲುವುದರಿಂದ, ಮೊದಲು ಅದನ್ನು ಅಲ್ಲಿನ ವಕೀಲರಲ್ಲಿ ಖಚಿತಪಡಿಸಿಕೊಳ್ಳಲಿ.

ಇನ್ನು ಆಯ್ಕೆಯ ವಿಷಯ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಎಂಟು ಬಗೆಯ ಜೋಡಣೆಗಳಿವೆ; ಪ್ರತಿಯೊಂದರಲ್ಲೂ ಐದು ಉಕ್ಕಿನ ತಟ್ಟೆಗಳು, ಅವುಗಳಲ್ಲಿ ಕೊನೆಗೆ ಹೊಡೆಯಬೇಕಾದದ್ದು ಗಡಿಯಾರ ನಿಲ್ಲಿಸುವ ತಟ್ಟೆ. ಒಂದು ಜೋಡಣೆಯನ್ನು ಐದು ಬಾರಿ ಹೊಡೆದು, ಅತಿ ನಿಧಾನವಾದ ಬಾರಿಯನ್ನು ಬಿಟ್ಟು, ಉಳಿದ ನಾಲ್ಕರ ಸಮಯವನ್ನು ಕೂಡಿಸುತ್ತಾರೆ (‘ಔಟರ್ ಲಿಮಿಟ್ಸ್’ ಎಂಬುದರಲ್ಲಿ ಮಾತ್ರ ನಾಲ್ಕು ಬಾರಿ ಹೊಡೆದು ಮೂರನ್ನು ಎಣಿಸುವುದು). ತಟ್ಟೆ ತಪ್ಪಿದರೆ ಮೂರು ಸೆಕೆಂಡು ದಂಡ. ಅಂಕವೆಂಬುದೇ ಇಲ್ಲ, ಸಮಯವೇ ಅಂಕ. ಅತಿ ಚಿಕ್ಕ ತಟ್ಟೆಯೂ 10 ಅಂಗುಲ ಅಗಲದ್ದು, ಅತಿ ದೂರದ್ದು 35 ಗಜದಲ್ಲಿರುವ, 18ಕ್ಕೆ 24 ಅಂಗುಲದ ದೊಡ್ಡ ತಟ್ಟೆ. ಇಷ್ಟಕ್ಕೆ ಬೇಕಾದ ನಿಖರತೆ ನೀವು ಹೆಸರಿಸಿದ ಮೂರರಲ್ಲೂ ಧಾರಾಳವಾಗಿ ಇದೆಯಾದ್ದರಿಂದ, ನಿಖರತೆಗೆಂದು ಹೆಚ್ಚು ಹಣ ಸುರಿಯುವುದು ವ್ಯರ್ಥ. ನುರಿತವರು ಐದು ತಟ್ಟೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುವ ಈ ಆಟದಲ್ಲಿ ಒಂದು ತೋಟಾ ಸಿಕ್ಕಿಕೊಂಡರೆ ಆ ಬಾರಿ ಕೈಬಿಟ್ಟ ಹಾಗೆಯೇ. ಒಮ್ಮೆ ಹಾಗಾದರೆ ಅತಿ ನಿಧಾನದ ಬಾರಿಯನ್ನು ಬಿಡುವ ನಿಯಮವೇ ಅದನ್ನು ಮನ್ನಿಸುತ್ತದೆ, ಅದೇ ಜೋಡಣೆಯಲ್ಲಿ ಎರಡನೆಯ ಸಲವಾದರೆ ಮನ್ನಣೆಯಿಲ್ಲ. ಆದುದರಿಂದ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು, ನಿಲ್ಲದೆ ನಡೆಯುವ ಪಿಸ್ತೂಲು ಯಾವುದು ಎಂಬುದನ್ನು.

ಇಲ್ಲಿ .22 ತೋಟಾದ ಸ್ವಭಾವವನ್ನು ತಿಳಿದಿರಬೇಕು. ಕಿಡಿಯ ಮದ್ದು ಇದರ ಬುಡದ ಅಂಚಿನೊಳಗೆ (‘ರಿಮ್’) ಸುತ್ತಲೂ ಹರಡಿರುತ್ತದೆ. ಯಾವುದೋ ತೋಟಾದಲ್ಲಿ ಒಂದು ಕಡೆ ತೆಳುವಾಗಿದ್ದರೆ ಪಿನ್ ಬಡಿದರೂ ಹಾರುವುದಿಲ್ಲ. ಗುಂಡು ಮೆದು ಸೀಸದ್ದು, ಮೇಲೆ ಮೇಣದ ಲೇಪ. ನೂರಾರು ಬಾರಿ ಹೊಡೆದಾಗ ಮೇಣ, ಸೀಸ, ಮಸಿ ಸೇರಿ ತೋಟಾ ಕೂರುವ ಚೇಂಬರಿನಲ್ಲೂ ಖಾಲಿ ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯಲ್ಲೂ ಗಟ್ಟಿಯಾಗಿ ಕೂರುತ್ತವೆ. ಹೀಗಾಗಿ ಸುಲಭವಾಗಿ ಬಿಚ್ಚಿ ಒರೆಸಲು ಬರುವ ಪಿಸ್ತೂಲಿಗೆ ನನ್ನ ಮೊದಲ ಮತ. 2016ರಲ್ಲಿ ಬಂದ ಮಾರ್ಕ್ 4 ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಮೇಲೆ ಕೂರಿಸಿದ ರೆಡ್ ಡಾಟ್ ಕದಲುವುದಿಲ್ಲ. ಬಕ್ ಮಾರ್ಕ್‌ನ ಟ್ರಿಗರ್ ಮೊದಲಿನಿಂದಲೂ ಹೆಸರುವಾಸಿಯಾದರೂ, ಅದನ್ನು ಪೂರ್ತಿ ಬಿಚ್ಚಲು ಡಾಟ್ ಕೂರಿಸುವ ಪಟ್ಟಿಯನ್ನೇ ಸ್ಕ್ರೂ ಸಡಿಲಿಸಿ ತೆಗೆಯಬೇಕಾಗುವುದು ನನಗೆ ಕಿರಿಕಿರಿಯಾಗಿ ಕಾಣುತ್ತದೆ. ವಿಕ್ಟರಿಯನ್ನು ಬಿಚ್ಚಲು ಒಂದೇ ಸ್ಕ್ರೂ. ಮಾರ್ಕ್ 4 ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಒಂದು ಎಚ್ಚರಿಕೆ: 2017ರ ಜೂನ್‌ಗೆ ಮೊದಲು ತಯಾರಾದವುಗಳನ್ನು ಸುರಕ್ಷತಾ ದೋಷಕ್ಕಾಗಿ ಕಂಪನಿ ವಾಪಸು ಕರೆಸಿ ಸರಿಪಡಿಸಿದೆ, ಸೀರಿಯಲ್ ಸಂಖ್ಯೆ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಕೇಳಿಕೊಳ್ಳಬೇಕು.

ಎರಡನೆಯದು ಹಿಡಿ. ಖಾಲಿ ಎಂದು ಪರೀಕ್ಷಿಸಿದ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಕಣ್ಣು ಮುಚ್ಚಿ ಎತ್ತಿ, ಕಣ್ಣು ತೆರೆದಾಗ ಡಾಟ್ ಕಾಚಿನ ನಡುವೆ ಕಾಣಬೇಕು. ಹುಡುಕಬೇಕಾಗಿ ಬಂದರೆ ಅದು ಮಗಳ ಕೈಗೆ ಹೊಂದುವ ಪಿಸ್ತೂಲಲ್ಲ. ಮಾರ್ಕ್ 4 ಎರಡು ಬಗೆಯ ಹಿಡಿಗಳಲ್ಲಿ ಸಿಗುತ್ತದೆ, ಒಂದು ಹೆಚ್ಚು ಓರೆಯಾದದ್ದು, ಇನ್ನೊಂದು ‘22/45’ ಎಂಬ, ಅಷ್ಟು ಓರೆಯಿಲ್ಲದ್ದು. ಮುಂದೆಂದಾದರೂ ದೊಡ್ಡ ಬೋರಿನ ಪಿಸ್ತೂಲಿಗೆ ಹೋಗುವ ಆಸೆಯಿದ್ದವರಿಗೆ ಎರಡನೆಯದು ಒಗ್ಗುತ್ತದೆ. ಇದನ್ನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದೇ ತೀರ್ಮಾನಿಸಬೇಕು, ಕಾರವಾರದಿಂದ ನೀವಾಗಲಿ ಇಲ್ಲಿಂದ ನಾನಾಗಲಿ ಹೇಳಲಾಗದು.

ರೆಡ್ ಡಾಟ್ ಇದ್ದ ಪಿಸ್ತೂಲಿಗೂ ಸಾದಾ ಸೈಟ್‌ನದಕ್ಕೂ ಬೇರೆ ಬೇರೆ ವಿಭಾಗಗಳಿವೆ. ಡಾಟ್ ಹಾಕಿಸುವುದೇ ಆದರೆ ಚುಕ್ಕೆ ಸ್ವಲ್ಪ ದೊಡ್ಡದಿರಲಿ. 6 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು) ಚುಕ್ಕೆ 10 ಗಜದಲ್ಲಿ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು, 35 ಗಜದಲ್ಲಿ ಎರಡು ಅಂಗುಲದಷ್ಟು ಜಾಗವನ್ನು ಮುಚ್ಚುತ್ತದೆ. ತಟ್ಟೆಯ ಅಳತೆಗೆ ಇದು ಏನೂ ಅಲ್ಲ, ಕಣ್ಣಿಗೆ ಮಾತ್ರ ಬೇಗ ಸಿಗುತ್ತದೆ. ಈ ಮೂರು ಪಿಸ್ತೂಲುಗಳಲ್ಲೂ ಡಾಟ್ ಕೂರುವುದು ಅಲುಗದ ಭಾಗದ ಮೇಲೆ, ಹಿಂದೆ ಮುಂದೆ ಹೊಡೆದಾಡುವ ಸ್ಲೈಡಿನ ಮೇಲಲ್ಲ. ಆದ್ದರಿಂದ ಅತಿ ದುಬಾರಿಯದು ಬೇಡ. ಕಾಂಪೆನ್ಸೇಟರ್ ಸದ್ಯಕ್ಕೆ ಬೇಡವೇ ಬೇಡ: .22ರಲ್ಲಿ ಹಿಡಿಯಲು ಅನಿಲವೇ ಕಡಿಮೆ, ಸದ್ದು ಮತ್ತು ಮಸಿ ಮಾತ್ರ ಹೆಚ್ಚು. ರಿಮ್‌ಫೈರ್ ವಿಭಾಗದಲ್ಲಿ ಪಿಸ್ತೂಲನ್ನು ಮುಂದೆ ನೆಲದ ಗುರುತಿನತ್ತ ಹಿಡಿದೇ ಆರಂಭಿಸುವುದರಿಂದ ಹೋಲ್‌ಸ್ಟರಿನ ಖರ್ಚೂ ಉಳಿಯುತ್ತದೆ.

ಉಳಿದ ಹಣವನ್ನು ಮ್ಯಾಗಜಿನ್ ಮತ್ತು ತೋಟಾಕ್ಕೆ ಹಾಕಲಿ. ಐದು ಬಾರಿಗೆ ಐದು ಮ್ಯಾಗಜಿನ್ ತುಂಬಿ ಸಾಲಿಗೆ ನಿಂತರೆ ನಡುವೆ ತುಂಬುವ ಗಡಿಬಿಡಿಯಿಲ್ಲ. ಒಂದು ತಟ್ಟೆಯೂ ತಪ್ಪದಿದ್ದರೂ ಎಂಟು ಜೋಡಣೆಗಳಿಗೆ 195 ತೋಟಾ ಬೇಕು. 300 ಒಯ್ಯುವುದು ವಿವೇಕ. ನಾಲ್ಕೈದು ಬಗೆಯ 40 ಗ್ರೇನ್ (ಗುಂಡಿನ ತೂಕದ ಅಳತೆ) ತೋಟಾಗಳನ್ನು ತಂದು, ಒಂದೊಂದರಿಂದ ಕನಿಷ್ಠ ನೂರು ಹೊಡೆದು, ಯಾವುದು ಸಿಕ್ಕಿಕೊಳ್ಳುವುದಿಲ್ಲವೋ ಅದನ್ನೇ ಒಟ್ಟಿಗೆ ಕೊಂಡಿಟ್ಟುಕೊಳ್ಳಲಿ.

ಊರಿಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. ಭಾರತದ ಪರವಾನಗಿ, ಆಮದಿನ ಅನುಮತಿ, ಅಮೆರಿಕದ ರಫ್ತು ನಿಯಮ ಇವೆಲ್ಲವನ್ನೂ ದಾಟದೆ ಲಗೇಜಿನಲ್ಲಿ ಹಾಕಿಕೊಂಡು ಬರುವುದು ನೇರ ಅಪರಾಧ.

ಪ್ರಶ್ನೆ: ಶಿರಸಿ ಸಮೀಪದ ಅಡಿಕೆ ಬೆಳೆಗಾರ ನಾನು. ಹಂದಿ, ಮಂಗಗಳ ಕಾಟಕ್ಕೆಂದು ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿನಳಿಕೆ ಕೋವಿ ಇದೆ. ತಮ್ಮನ ಮಗ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಇದೇ ಲೈಸೆನ್ಸಿಗೆ .22 ಪಿಸ್ತೂಲು ಸೇರಿಸಿಕೊಂಡು, ನಮ್ಮ ಸೊಪ್ಪಿನಬೆಟ್ಟದ ದರೆಗೆ ಕಬ್ಬಿಣದ ತಟ್ಟೆ ನಿಲ್ಲಿಸಿ ಅವನಿಗೆ ಅಭ್ಯಾಸ ಮಾಡಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಆಗದು. ಬೆಳೆ ರಕ್ಷಣೆಯ ಲೈಸೆನ್ಸು ಬೆಳೆಗಷ್ಟೇ; ಪಿಸ್ತೂಲಿಗೆ ಕಾರವಾರದ ಜಿಲ್ಲಾಧಿಕಾರಿಗಳಿಗೆ ಬೇರೆ ಅರ್ಜಿ, ಪೊಲೀಸ್ ವರದಿ, ಆಯುಧ ಬಳಕೆಯ ತರಬೇತಿ ಪತ್ರ ಎಲ್ಲವೂ ಬೇಕು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ನಿಮಗೆ ಈ ಕಾಗದಪತ್ರಗಳ ಹಾದಿ ಹೊಸದಲ್ಲ. ಸೊಪ್ಪಿನಬೆಟ್ಟವೂ ನಿಮ್ಮ ಸ್ವಂತ ಜಾಗವಲ್ಲ, ಸೊಪ್ಪು–ದರಕಿನ (ಒಣ ಎಲೆಯ) ಸವಲತ್ತಿಗಾಗಿ ಬಿಟ್ಟ ಭೂಮಿ. ಅಲ್ಲಿ ಈಡು ಕೇಳಿಸಿದರೆ ಅರಣ್ಯ ಇಲಾಖೆಯವರು ಬಾರದೆ ಇರರು.

ಗುಜರಿಯ ಕಬ್ಬಿಣದ ತಟ್ಟೆಯಂತೂ ಅಪಾಯಕಾರಿ. ಸ್ಪರ್ಧೆಯ ತಟ್ಟೆಗಳು ಗಡಸು ಉಕ್ಕಿನವು, ಮುಖ ನುಣುಪಾಗಿರುತ್ತದೆ. ಮೆದು ಕಬ್ಬಿಣದಲ್ಲಿ ಕುಳಿ ಬಿದ್ದರೆ ಮುಂದಿನ ಗುಂಡಿನ ಸೀಸ ಆ ಕುಳಿಯಲ್ಲಿ ತಿರುಗಿ ಹೊಡೆದವನ ಮುಖಕ್ಕೇ ಬರಬಹುದು. ನಿಯಮಬದ್ಧ ರೇಂಜಿನಲ್ಲೂ ನೋಡುವವರೆಲ್ಲ ರಕ್ಷಣಾ ಕನ್ನಡಕ ಹಾಕುವುದು ಇದಕ್ಕಾಗಿಯೇ.

ಹುಡುಗನಿಗೆ ವೇಗದ ಗುರಿಯಲ್ಲಿ ಆಸಕ್ತಿಯಿದ್ದರೆ ನಮ್ಮಲ್ಲಿ ಅದಕ್ಕೆ ನೇರ ದಾರಿ 25 ಮೀಟರ್ ರ‍್ಯಾಪಿಡ್ ಫೈರ್. ಅದೂ .22ರದ್ದೇ: ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಬಳಿಕ 6, ಬಳಿಕ 4. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲಿ. ಆದರೆ ಇಲ್ಲಿ ರೆಡ್ ಡಾಟ್ ನಿಷಿದ್ಧ, ಟ್ರಿಗರ್ ಎಳೆತ 1000 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ಅಮೆರಿಕದ ಉಕ್ಕಿನ ಆಟಕ್ಕೆ ಸಜ್ಜಾದ ಪಿಸ್ತೂಲು ಇಲ್ಲಿ ತಪಾಸಣೆಯಲ್ಲೇ ಹೊರಬೀಳುತ್ತದೆ. ಸದ್ಯ ಏರ್ ಪಿಸ್ತೂಲನ್ನೇ ಮುಂದುವರಿಸಲಿ. 4.5 ಮಿ.ಮೀ. ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸು ಬೇಕಿಲ್ಲ. ಅಂಕ ಏರಿದ ಮೇಲೆ ರಾಜ್ಯ ರೈಫಲ್ ಸಂಸ್ಥೆಯ ಮೂಲಕ .22ರ ಕಡೆಗೆ ಹೋಗಬಹುದು.

ಪ್ರಶ್ನೆ: ಪರವಾನಗಿಯುಳ್ಳ .22 ಸ್ಪೋರ್ಟ್ಸ್ ಪಿಸ್ತೂಲು ನನ್ನಲ್ಲಿದೆ. ಮಳೆಗಾಲದಲ್ಲಿ ತುಕ್ಕು ತಡೆಯುವುದು ಹೇಗೆ?
– ಓದುಗರೊಬ್ಬರು, ಕುಮಟಾ

ಉತ್ತರ: ಚರ್ಮದ ಕೇಸಿನಲ್ಲಾಗಲಿ ಸ್ಪಂಜಿನ ಪೆಟ್ಟಿಗೆಯಲ್ಲಾಗಲಿ ಇಡಬೇಡಿ, ಎರಡೂ ಕಡಲ ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತವೆ. ಮುಟ್ಟಿದಾಗಲೆಲ್ಲ ಬೆವರಿನ ಗುರುತನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಚೀಲಗಳಿರುವ ಬೀಗದ ಪೆಟ್ಟಿಗೆಯಲ್ಲಿಡಿ, ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿಕೊಳ್ಳಿ. ತೋಟಾಗಳನ್ನು ಗಾಳಿಯಾಡದ ಬೇರೆ ಡಬ್ಬಿಯಲ್ಲಿ, ಎಣ್ಣೆಯಿಂದ ದೂರವಿಡಬೇಕು. ಹಗುರ ಎಣ್ಣೆ ಗುಂಡಿನ ಸುತ್ತಲಿನ ಸಂದಿಯಿಂದ ಒಳಗಿಳಿದು ಮದ್ದನ್ನು ಕೆಡಿಸಬಲ್ಲದು. ಅಭ್ಯಾಸಕ್ಕೆ ಹೋದ ದಿನ ಚೇಂಬರಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆದ ಮೇಲೆಯೇ ಮೊದಲ ತೋಟಾ ಹಾಕಿ.