ಹಿರೋಷಿಮಾಕ್ಕೆ ಖಂಡಿತ ಹೋಗಿ, ಅರ್ಧ ದಿನವಾದರೂ ಇಟ್ಟುಕೊಂಡು ಹೋಗಿ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಮಗ ಒಸಾಕಾದಲ್ಲಿದ್ದಾನೆ. ನಾನು, ಮಗಳು, 10 ವರ್ಷದ ಮೊಮ್ಮಗಳು ಅಲ್ಲಿಗೆ ಹೊರಟಿದ್ದೇವೆ. ಹಿರೋಷಿಮಾಕ್ಕೂ ಹೋಗೋಣ ಅಂತಾನೆ ಮಗ. ಅಷ್ಟೊಂದು ಜನ ಸತ್ತ ಜಾಗವನ್ನು ಪ್ರವಾಸಕ್ಕೆ ಹೋದವರು ನೋಡಿ ಬರುವುದು ಸರಿಯೇ? ಊರನ್ನೆಲ್ಲ ಹೊಸದಾಗಿ ಕಟ್ಟಿದವರು ಆ ಒಂದು ಪಾಳು ಕಟ್ಟಡವನ್ನು ಯಾಕೆ ಹಾಗೇ ಬಿಟ್ಟರು? ಮಗುವಿಗೆ ಅದನ್ನೆಲ್ಲ ತೋರಿಸಬೇಕಾ?"

ಸಂಪಾದಕರ ಉತ್ತರ:

ಅಮ್ಮಾ, ಈಗ ಅಣುಬಾಂಬ್ ಗುಮ್ಮಟ ಎಂದು ಕರೆಯುವ ಆ ಕಟ್ಟಡವನ್ನು ಹಾಗೇ ಬಿಟ್ಟದ್ದಲ್ಲ. ಜಗಳ ಆಡಿ ಉಳಿಸಿಕೊಂಡದ್ದು.

1915ರಲ್ಲಿ ಯಾನ್ ಲೆಟ್ಜೆಲ್ ಎಂಬ ಜೆಕ್ ವಾಸ್ತುಶಿಲ್ಪಿಯ ನಕ್ಷೆಯಂತೆ ಎದ್ದ ಕಟ್ಟಡ ಅದು. ಆ ಸೀಮೆಯ ಸರಕುಗಳ ಪ್ರದರ್ಶನ ಅಲ್ಲಿ ನಡೆಯುತ್ತಿತ್ತು. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಬಾಂಬ್ ಸಿಡಿದದ್ದು ಸುಮಾರು 600 ಮೀಟರ್ ಎತ್ತರದಲ್ಲಿ, ಹೆಚ್ಚು ಕಡಿಮೆ ಅದರ ನೆತ್ತಿಯ ಮೇಲೇ. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಡೆತ ಮೇಲಿನಿಂದ ಬಿದ್ದದ್ದರಿಂದ ಕೆಲವು ಗೋಡೆಗಳು ನೆಟ್ಟಗೆ ನಿಂತವು. ಗುಮ್ಮಟದ ತಾಮ್ರದ ಹೊದಿಕೆ ಹೋಗಿ ಕಬ್ಬಿಣದ ಚೌಕಟ್ಟು ಉಳಿಯಿತು. ಆ ವರ್ಷದ ಕೊನೆಯ ಹೊತ್ತಿಗೆ ಊರಿನಲ್ಲಿ ಸತ್ತವರು ಸುಮಾರು 1,40,000.

ಮುಂದಿನ 20 ವರ್ಷ ಅದನ್ನು ಕೆಡವಬೇಕೋ ಬೇಡವೋ ಎಂಬ ವಾದ ನಡೆದೇ ಇತ್ತು. ಕೆಡವಿ ಅಂದವರಲ್ಲಿ ಮನೆಯವರನ್ನು ಕಳೆದುಕೊಂಡವರೂ ಇದ್ದರು. ದಿನಾ ಅದನ್ನು ನೋಡಿಕೊಂಡು ಓಡಾಡುವುದು ಹೇಗೆ ಹೇಳಿ! ಅವರದು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಗಾಳಿ ತಿರುಗಿದ್ದು ಒಬ್ಬ ಹುಡುಗಿಯಿಂದ. ಬಾಂಬ್ ಬಿದ್ದಾಗ ಅವಳಿಗೆ ಒಂದು ವರ್ಷ. 1960ರಲ್ಲಿ, 16ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆ ಭಯಂಕರವನ್ನು ಜಗತ್ತಿಗೆ ಹೇಳಲು ಈ ಕಟ್ಟಡವೇ ಬೇಕು ಎಂಬ ಮಾತು ಅವಳ ಡೈರಿಯಲ್ಲಿತ್ತು. ಅದನ್ನು ಓದಿದ ಮಕ್ಕಳು ಬೀದಿಗಿಳಿದು ಸಹಿ ಸಂಗ್ರಹಿಸಿದರು. 1966ರಲ್ಲಿ ನಗರಸಭೆ ಉಳಿಸುವ ನಿರ್ಧಾರ ಮಾಡಿತು. ಜನರ ದೇಣಿಗೆ ಹರಿದು ಬಂತು. 1996ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಪಾಳು ಕಟ್ಟಡವನ್ನು ಪಾಳಾಗಿಯೇ ನಿಲ್ಲಿಸುವುದು ಸುಮ್ನೆ ಆಗುವ ಕೆಲಸವಲ್ಲ. ಬಿರುಕುಗಳಿಗೆ ರಾಳ ತುಂಬಿದ್ದಾರೆ. ಗೋಡೆಗಳಿಗೆ ಒಳಗಿನಿಂದ ಉಕ್ಕಿನ ಆಸರೆ ಕೊಟ್ಟಿದ್ದಾರೆ. ಬೇಲಿಯ ಈಚೆಯಿಂದ ನೋಡಿದರೂ ಅದು ಕಾಣುತ್ತದೆ, ಗಮನಿಸಿ. ಒಳಗೆ ಯಾರನ್ನೂ ಬಿಡುವುದಿಲ್ಲ.

ಇಷ್ಟು ಕಷ್ಟಪಟ್ಟು ಉಳಿಸಿದ್ದೇ ನಾವೆಲ್ಲ ಬಂದು ನೋಡಲಿ ಅಂತ, ಅಲ್ವಾ? ಹಾಗಾಗಿ ಸಂಕೋಚ ಬೇಡ. ನನಗೆ ಬೇಜಾರಾಗುವುದು ಟ್ರ್ಯಾಮ್ ಇಳಿದು, ಗುಮ್ಮಟದ ಮುಂದೆ ಒಂದು ಫೋಟೋ ತೆಗೆಸಿಕೊಂಡು, ಮುಂದಿನ ಟ್ರ್ಯಾಮ್ ಹತ್ತುವವರನ್ನು ಕಂಡಾಗ. ಫೋಟೋ ತೆಗೆಯಿರಿ, ತಪ್ಪಿಲ್ಲ. ಆದರೆ ಹೊಳೆ ದಾಟಿ ಶಾಂತಿ ಉದ್ಯಾನಕ್ಕೆ ಹೋಗಿ. ಕಮಾನಿನಾಕಾರದ ಸ್ಮಾರಕದ ಎದುರು ನಿಂತರೆ ಅದರ ಒಳಗಿಂದ ಜ್ಯೋತಿ, ಅದರಾಚೆ ಗುಮ್ಮಟ, ಎಲ್ಲ ಒಂದೇ ಸಾಲಿನಲ್ಲಿ ಕಾಣುತ್ತವೆ. ಉದ್ಯಾನದ ನಕ್ಷೆ ಮಾಡಿದ ವಾಸ್ತುಶಿಲ್ಪಿ ಕೆಂಜೋ ತಾಂಗೆ ಬೇಕೆಂದೇ ಹಾಗೆ ಯೋಜಿಸಿದ್ದು. ಅದೇ ಬಾಂಬಿಗೆ ಬಲಿಯಾದ ಕೊರಿಯಾದವರ ಸ್ಮಾರಕವನ್ನೂ ನೋಡದೆ ಬರಬೇಡಿ. 1970ರಲ್ಲಿ ಅದನ್ನು ಉದ್ಯಾನದ ಹೊರಗೆ ನಿಲ್ಲಿಸಿದ್ದರು. ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ. ಜಪಾನಿನ ಆಳ್ವಿಕೆಯಲ್ಲಿದ್ದ ಆ ಜನರಲ್ಲಿ ಎಷ್ಟೋ ಮಂದಿಯನ್ನು ಬಲವಂತವಾಗಿ ಕೆಲಸಕ್ಕೆ ತಂದಿದ್ದರು. ನೊಂದ ಊರಿನಲ್ಲೂ ಸತ್ತವರೆಲ್ಲರಿಗೆ ಒಂದೇ ಸಲ ಜಾಗ ಸಿಗಲಿಲ್ಲ. ಇದನ್ನೂ ತಿಳಿದೇ ಆ ಉದ್ಯಾನದಲ್ಲಿ ಓಡಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೊಮ್ಮಗಳ ವಿಷಯ. ಉದ್ಯಾನದಲ್ಲಿರುವ ಮ್ಯೂಸಿಯಂ ಒಳಗೆ ಸುಟ್ಟ ಬಟ್ಟೆಗಳಿವೆ, ಗಾಯಗಳ ಫೋಟೋಗಳಿವೆ. ತುಕ್ಕು ಹಿಡಿದ ಒಂದು ಪುಟ್ಟ ಮೂರು ಗಾಲಿಯ ಸೈಕಲ್ ಇದೆ. ಅದನ್ನು ಓಡಿಸುತ್ತಿದ್ದಾಗ ಬಾಂಬಿಗೆ ಸಿಕ್ಕ ಹುಡುಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಷ್ಟು ಚಿಕ್ಕವನನ್ನು ದೂರದ ಮಸಣದಲ್ಲಿ ಒಂಟಿಯಾಗಿ ಬಿಡಲು ಮನಸ್ಸಾಗದೆ ಅಪ್ಪ ಮನೆಯ ಹಿತ್ತಲಲ್ಲೇ ಮಣ್ಣು ಮಾಡಿದರು, ಸೈಕಲ್ ಜೊತೆಗೇ. 40 ವರ್ಷ ಕಳೆದ ಮೇಲೆ ಸೈಕಲನ್ನು ಅಗೆದು ತೆಗೆದು ಮ್ಯೂಸಿಯಂಗೆ ಕೊಟ್ಟರು. ಅದರ ಮುಂದೆ ದೊಡ್ಡವರಿಗೇ ಕಾಲು ಕದಲುವುದಿಲ್ಲ.

ಆದ್ದರಿಂದ ಅವಳಿಗೆ ಮೊದಲು ಮಕ್ಕಳ ಸ್ಮಾರಕ ತೋರಿಸಿ. ಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್ ಬಂದು, ಗುಣವಾಗಲಿ ಅಂತ ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಚುತ್ತಲೇ ತೀರಿಕೊಂಡ ಹುಡುಗಿ ಸದಾಕೊ ಸಸಾಕಿಯ ಕಥೆ ಹೇಳಿ, ಅಲ್ಲಿ ಇಟ್ಟಿರುವ ಬಣ್ಣದ ಕಾಗದದ ಕೊಕ್ಕರೆಗಳನ್ನು ನೋಡಲಿ. ಊರಿಂದಲೇ ಒಂದೆರಡು ಮಡಚಿ ಒಯ್ದರೆ ಇನ್ನೂ ಒಳ್ಳೆಯದು. ಮ್ಯೂಸಿಯಂನಲ್ಲಿ ಏನಿದೆ ಅಂತ ಮುಚ್ಚಿಡದೆ ಹೇಳಿ, ಬರುತ್ತೀಯಾ ಅಂತ ಅವಳನ್ನೇ ಕೇಳಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ನೀವು ಅವಳ ಜೊತೆ ಹೊರಗೆ ಇರಿ, ಮಗಳು ನೋಡಿ ಬರಲಿ. ಆಮೇಲೆ ನೀವು ಹೋಗಿ ಬನ್ನಿ.