ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹಣ ಎಲ್ಲಿಂದ ತರುವುದು, ಮೊದಲು ಯಾವುದಕ್ಕೆ ಖರ್ಚು ಮಾಡುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಅಕ್ಕಪಕ್ಕದ ನಾಲ್ಕಾರು ಹಳ್ಳಿಯವರು ಸೇರಿ ಹಣ ಕೂಡಿಸುತ್ತಿದ್ದೀರಿ, ಜೊತೆಗೆ ಒಬ್ಬ ದಾನಿಯೂ ಸಿಕ್ಕಿದ್ದಾರೆ. ಹೊಸ ಕಟ್ಟಡ ಕಟ್ಟಬೇಕಾ, ಆಂಬ್ಯುಲೆನ್ಸ್ ಕೊಳ್ಳಬೇಕಾ, ಅಥವಾ ಊರಿನವರೇ ತಿಂಗಳಿಗಿಷ್ಟು ಅಂತ ಹಾಕಿ ಒಂದು ವಿಮೆ ಮಾಡಿಕೊಳ್ಳಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಹಳ್ಳಿಗಳಲ್ಲಿ ಚಿಕ್ಕ ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಂಡವನು. ಹಾಗಾಗಿ ಇಲ್ಲಿ ಕಾಯಿಲೆಗಿಂತ ದುಡ್ಡಿನ ಮಾತೇ ಜಾಸ್ತಿ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಟ್ಟಡದ ಆಸೆ ಬಿಡಿ. ಕಟ್ಟಡಕ್ಕೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಗೋಡೆ ಮೇಲೆ ಹೆಸರು ಹಾಕಿಸಬಹುದಲ್ಲ. ನರ್ಸ್ ಸಂಬಳದ ಮೇಲೆ, ಜನರೇಟರ್ ಡೀಸೆಲ್ ಮೇಲೆ, ಕೈಗವಸಿನ ಪೆಟ್ಟಿಗೆ ಮೇಲೆ ಯಾರ ಹೆಸರೂ ಬರೆಯಲು ಆಗುವುದಿಲ್ಲ. ಆದರೆ ಆಸ್ಪತ್ರೆ ಮುಚ್ಚುವುದು ಗೋಡೆ ಬಿದ್ದು ಅಲ್ಲ, ಸಂಬಳ ನಿಂತು. ಲಕ್ಷಗಟ್ಟಲೆ ಕೊಟ್ಟು ತಂದ ಎಕ್ಸ್‌ರೇ ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಯಂತ್ರ ಕೊಟ್ಟವರು ಅದನ್ನು ನಡೆಸುವ ಟೆಕ್ನಿಷಿಯನ್‌ಗೆ ಸಂಬಳ ಕೊಡುವವರು ಯಾರು ಅಂತ ಕೇಳಿರಲಿಲ್ಲ. ತೆಗೆದುಕೊಂಡವರೂ ಕೇಳಿರಲಿಲ್ಲ ಅನ್ನಿ.

ಹಳ್ಳಿ ಆಸ್ಪತ್ರೆಯ ಲೆಕ್ಕ ಪೇಟೆ ಆಸ್ಪತ್ರೆಯ ಲೆಕ್ಕದಂತೆ ನಡೆಯುವುದಿಲ್ಲ. ಇದೊಂದು ವಿಷಯ ದಾನಿಗೆ ಅರ್ಥ ಮಾಡಿಸಿದರೆ ನಿಮ್ಮ ಅರ್ಧ ಕೆಲಸ ಆದ ಹಾಗೆ. ಪೇಟೆಯಲ್ಲಿ ದಿನಕ್ಕೆ ನೂರಾರು ಜನ ಬರುತ್ತಾರೆ, ನರ್ಸ್ ಸಂಬಳ, ಲ್ಯಾಬ್ ಖರ್ಚು, ಕರೆಂಟ್ ಬಿಲ್ ಎಲ್ಲ ಅವರ ಮೇಲೆ ಹಂಚಿ ಹೋಗುತ್ತದೆ. ಹಳ್ಳಿಯಲ್ಲಿ ರಾತ್ರಿ ಹೆರಿಗೆಗೆ ಒಬ್ಬರು ಬರಲಿ, ಯಾರೂ ಬಾರದಿರಲಿ, ನರ್ಸ್ ಎಚ್ಚರ ಇರಲೇಬೇಕು. ಲಸಿಕೆಯ ಫ್ರಿಜ್ ಓಡುತ್ತಲೇ ಇರಬೇಕು. ಅಂದರೆ ಖರ್ಚಿನ ಬಹುಪಾಲು ಹೋಗುವುದು ಸಿದ್ಧವಾಗಿ ಕಾದಿರುವುದಕ್ಕೆ. ಒಬ್ಬ ರೋಗಿಗೆ ಇಷ್ಟು ಅಂತ ಆಸ್ಪತ್ರೆಗೆ ಹಣ ಕೊಡುವ ಯಾವ ಪದ್ಧತಿಯಲ್ಲೂ ಈ ಖರ್ಚಿನಷ್ಟು ಹಣ ಪೂರ್ತಿ ಹುಟ್ಟುವುದಿಲ್ಲ. ಅಮೆರಿಕದಂಥ ಶ್ರೀಮಂತ ದೇಶವೇ ಇದನ್ನು ಒಪ್ಪಿಕೊಳ್ಳಬೇಕಾಯಿತು. ಅಲ್ಲಿ ಹಳ್ಳಿ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚತೊಡಗಿದಾಗ 1997ರಲ್ಲಿ ಕಾನೂನು ತಂದು, ದೂರದೂರದ ಚಿಕ್ಕ ಆಸ್ಪತ್ರೆಗಳಿಗೆ (ಈಗಿನ ಮಿತಿ 25 ಹಾಸಿಗೆ) ಒಂದು ಬೇರೆ ವರ್ಗವನ್ನೇ ಮಾಡಿದರು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇವುಗಳಿಗೆ ಚಿಕಿತ್ಸೆಯ ದರಪಟ್ಟಿ ನೋಡಿ ಹಣ ಕೊಡುವುದಿಲ್ಲ, ತನ್ನ ರೋಗಿಗಳಿಗೆ ನಿಜವಾಗಿ ಆದ ನ್ಯಾಯವಾದ ಖರ್ಚಿನ ಶೇ. 101ರಷ್ಟು ಕೊಡಬೇಕು ಅಂತ ನಿಯಮ. ಅಷ್ಟಾದರೂ ಅಲ್ಲಿ ಹಳ್ಳಿ ಆಸ್ಪತ್ರೆಗಳು ಮುಚ್ಚುವುದು ಪೂರ್ತಿ ನಿಂತಿಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಹಳೆಯದು, ಸ್ಕಾಟ್ಲೆಂಡಿನದು. 1911ರಲ್ಲಿ ಬ್ರಿಟನ್ ಒಂದು ರಾಷ್ಟ್ರೀಯ ವಿಮೆ ತಂದಿತು. ಕೂಲಿಯವನ ಸಂಬಳದಿಂದ ಸ್ವಲ್ಪ, ಮಾಲೀಕನಿಂದ ಸ್ವಲ್ಪ, ಸರ್ಕಾರದಿಂದ ಸ್ವಲ್ಪ. ಉತ್ತರದ ಗುಡ್ಡಗಾಡು ಮತ್ತು ದ್ವೀಪಗಳ ಜನಕ್ಕೆ ಇದು ಉಪಯೋಗಕ್ಕೇ ಬರಲಿಲ್ಲ. ಅವರು ಸಣ್ಣ ತುಂಡು ಭೂಮಿ ಉಳುವವರು, ಮೀನು ಹಿಡಿಯುವವರು. ಸಂಬಳವೇ ಇಲ್ಲ, ಮಾಲೀಕನೂ ಇಲ್ಲ, ಇನ್ನು ಯಾರಿಂದ ಹಿಡಿದುಕೊಳ್ಳುವುದು? ಡಾಕ್ಟರುಗಳ ಪಾಡೂ ಅಷ್ಟೇ. ಒಬ್ಬ ರೋಗಿಯನ್ನು ನೋಡಲು ದೋಣಿ ಹತ್ತಿ, ಗುಡ್ಡ ಹತ್ತಿ ಅರ್ಧ ದಿನ ಹೋಗಬೇಕು, ಅಲ್ಲಿ ಹೋದರೆ ಕೊಡಲು ಅವರ ಹತ್ತಿರ ದುಡ್ಡಿಲ್ಲ. 1912ರಲ್ಲಿ ಡ್ಯೂವರ್ ಸಮಿತಿ ಇದನ್ನೆಲ್ಲ ವಿಚಾರಿಸಿ ವರದಿ ಕೊಟ್ಟಿತು, 1913ರಲ್ಲಿ ಸರ್ಕಾರ ವರ್ಷಕ್ಕೆ 42,000 ಪೌಂಡ್ ತೆಗೆದಿಟ್ಟು ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಮೆಡಿಕಲ್ ಸರ್ವಿಸ್ ಶುರು ಮಾಡಿತು. ಡಾಕ್ಟರಿಗೆ ಇಷ್ಟು ಆದಾಯ ಖಾತ್ರಿ, ಓಡಾಟದ ಖರ್ಚು ಬೇರೆ. ರೋಗಿಯಿಂದ ಸಣ್ಣ ಶುಲ್ಕ ಇತ್ತು, ಆದರೆ ಮನೆ ಎಷ್ಟೇ ದೂರ ಇರಲಿ ಅದು ಏರುವಂತಿಲ್ಲ. ದೂರದ ಖರ್ಚು ಪೂರ್ತಿ ಸರ್ಕಾರದ ಮೇಲೆ. ಬ್ರಿಟನ್ನಿನ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಂದಿದ್ದು 1948ರಲ್ಲಿ, ಈ ಬಡ ಗುಡ್ಡದವರಿಗೆ ಅದಕ್ಕೂ 35 ವರ್ಷ ಮೊದಲೇ ಇಂಥದ್ದೊಂದು ವ್ಯವಸ್ಥೆ ಸಿಕ್ಕಿತ್ತು! ಹೆಚ್ಚು ಕಡಿಮೆ ಅದೇ ಕಾಲಕ್ಕೆ ಕೆನಡಾದ ಸಸ್ಕಾಚೆವಾನ್‌ನಲ್ಲಿ ರೈತರು ತಮ್ಮ ಸ್ಥಳೀಯ ಆಡಳಿತದ ತೆರಿಗೆ ಹಣದಿಂದಲೇ ಡಾಕ್ಟರಿಗೆ ಸಂಬಳ ಗೊತ್ತುಮಾಡಿ ಊರಿನಲ್ಲಿ ಉಳಿಸಿಕೊಂಡರು. ಆ ಪ್ರಾಂತ್ಯವೇ ಮುಂದೆ 1962ರಲ್ಲಿ ಎಲ್ಲರಿಗೂ ಅನ್ವಯಿಸುವ ವೈದ್ಯಕೀಯ ವಿಮೆ ತಂದಿದ್ದು, ನಂತರ ಇಡೀ ಕೆನಡಾ ಅದನ್ನು ಅನುಸರಿಸಿತು.

ಇನ್ನು, ಬಂದವರಿಂದ ಸ್ವಲ್ಪ ಸ್ವಲ್ಪ ಶುಲ್ಕ ತೆಗೆದುಕೊಂಡರೆ ಆಗಲ್ವಾ ಅಂತ ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಪುಕ್ಕಟೆ ಕೊಟ್ಟರೆ ಬೆಲೆ ಇರುವುದಿಲ್ಲ ಅಂತ ವಾದ ಮಾಡುತ್ತಾರೆ. ನಾನೂ ಸಭೆಗಳಲ್ಲಿ ಈ ಮಾತು ಕೇಳಿ ಕೇಳಿ ಸುಸ್ತಾಗಿದ್ದೇನೆ. ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಜೆಸ್ಸಿಕಾ ಕೊಹೆನ್ ಮತ್ತು ಪಾಸ್ಕಲಿನ್ ಡುಪಾ ಇದನ್ನು ಪರೀಕ್ಷೆ ಮಾಡಿ ನೋಡಿದರು, 2010ರಲ್ಲಿ ಪ್ರಕಟವಾಯಿತು. ಗರ್ಭಿಣಿಯರಿಗೆ ಮಲೇರಿಯಾ ತಡೆಯುವ ಸೊಳ್ಳೆಪರದೆಯನ್ನು ಕೆಲವು ಕಡೆ ಪುಕ್ಕಟೆ ಕೊಟ್ಟರು, ಕೆಲವು ಕಡೆ ಬೆಲೆ ಇಟ್ಟರು. ಬೆಲೆ ಸೊನ್ನೆಯಿಂದ 60 ಅಮೆರಿಕನ್ ಸೆಂಟ್ಸ್‌ಗೆ ಏರಿದ್ದಕ್ಕೆ ಪರದೆ ತೆಗೆದುಕೊಂಡವರು ನೂರಕ್ಕೆ 60 ಜನದಷ್ಟು ಕಡಿಮೆಯಾದರು. ದುಡ್ಡು ಕೊಟ್ಟವರು ಹೆಚ್ಚು ಬಳಸಿದರು ಅನ್ನುವುದಕ್ಕೂ ಆಧಾರ ಸಿಗಲಿಲ್ಲ. ಉಗಾಂಡಾ 2001ರಲ್ಲಿ ಸರ್ಕಾರಿ ಕೇಂದ್ರಗಳ ಶುಲ್ಕ ತೆಗೆದುಹಾಕಿದಾಗ ಜನ ಬರುವುದು ಬಹಳ ಏರಿತು, ಬಡವರು ಹೆಚ್ಚಾಗಿ ಬಂದರು. ಹಾಗಂತ ಶುಲ್ಕ ತೆಗೆದು ಸುಮ್ನೆ ಕೂತರೆ ಆಗುವುದಿಲ್ಲ. ಆ ಹಣದಿಂದ ಬರುತ್ತಿದ್ದ ಔಷಧಿಗೆ ಬೇರೆ ಕಡೆಯಿಂದ ಹಣ ಬರದಿದ್ದರೆ, ಜನ ಬರುತ್ತಾರೆ, ಕಪಾಟು ಖಾಲಿ ಇರುತ್ತದೆ, ಚೀಟಿ ಹಿಡಿದು ಹೊರಗಿನ ಅಂಗಡಿಗೇ ಹೋಗಬೇಕಾಗುತ್ತದೆ.

ಊರಿನ ವಿಮೆ. ಈ ಯೋಚನೆ ಕೇಳಲು ಚೆನ್ನಾಗಿದೆ, ಆದರೆ ನಾಲ್ಕಾರು ಹಳ್ಳಿಗೆ ಇದು ಚಿಕ್ಕದಾಯಿತು. ಒಂದೇ ವರ್ಷದಲ್ಲಿ ಎರಡು ಮೂರು ಸಿಸೇರಿಯನ್, ಒಂದು ಅಪಘಾತ, ಒಂದು ಕಿಡ್ನಿ ಕಾಯಿಲೆ ಬಂದರೆ ನಿಧಿ ಬರಿದಾಗುತ್ತದೆ. ಸೇರುವುದು ಅವರವರ ಇಷ್ಟ ಅಂತ ಬಿಟ್ಟರೆ ಇನ್ನೂ ಕಷ್ಟ. ಗಟ್ಟಿಮುಟ್ಟಾಗಿ ಇರುವವರು ಎರಡನೇ ವರ್ಷ ಬಿಟ್ಟುಹೋಗುತ್ತಾರೆ, ಕಾಯಿಲೆ ಇರುವವರು ಉಳಿಯುತ್ತಾರೆ, ಕಂತು ಏರುತ್ತದೆ, ಆಗ ಇನ್ನಷ್ಟು ಜನ ಬಿಡುತ್ತಾರೆ. ಚೀನಾದ ಕಥೆ ನೋಡಿ. 1970ರ ದಶಕದಲ್ಲಿ ಅಲ್ಲಿನ ಸುಮಾರು ಶೇ. 90 ಹಳ್ಳಿಗಳಲ್ಲಿ ಸಹಕಾರಿ ವೈದ್ಯಕೀಯ ನಿಧಿ ಇತ್ತು, ಬರಿಗಾಲ ವೈದ್ಯರು ಅಂತ ಕರೆಸಿಕೊಂಡ, ಅಲ್ಪ ತರಬೇತಿ ಪಡೆದ ಹಳ್ಳಿಗರು ಊರೂರಲ್ಲಿ ಇದ್ದರು. ಆ ನಿಧಿ ನಿಂತಿದ್ದು ಹಳ್ಳಿಗರು ಒಟ್ಟಾಗಿ ಬೇಸಾಯ ಮಾಡುತ್ತಿದ್ದ ಕಮ್ಯೂನ್‌ಗಳ ಒಟ್ಟು ಆದಾಯದ ಮೇಲೆ. ಕಮ್ಯೂನ್ ಹೋಯಿತು, 1980ರ ದಶಕದ ಮಧ್ಯಕ್ಕೆ ನಿಧಿಗಳು ಬಹುತೇಕ ಕಡೆ ಕುಸಿದವು. 2003ರಲ್ಲಿ ಮತ್ತೆ ಶುರು ಮಾಡುವಾಗ ಸರ್ಕಾರ ಪಾಠ ಕಲಿತಿತ್ತು: ರೈತ 10 ಯುವಾನ್ ಹಾಕಿದರೆ ಸ್ಥಳೀಯ ಸರ್ಕಾರ 10, ಬಡ ಪ್ರಾಂತ್ಯಗಳಲ್ಲಿ ಕೇಂದ್ರವೂ 10 ಹಾಕಿತು. ಕೆಲವೇ ವರ್ಷಗಳಲ್ಲಿ ಹಳ್ಳಿಗರಲ್ಲಿ ಹೆಚ್ಚಿನವರು ಸೇರಿದರು. ರುವಾಂಡಾದ ಸಮುದಾಯ ವಿಮೆಯೂ ದೇಶದ ತುಂಬ ಹಬ್ಬಿದ್ದು ತೀರಾ ಬಡವರ ಕಂತನ್ನು ಸರ್ಕಾರ ಮತ್ತು ದಾನಿಗಳು ಕಟ್ಟಿದ್ದರಿಂದ. ನಿಮ್ಮಲ್ಲಿ ಈಗಾಗಲೇ ದೊಡ್ಡ ಸರ್ಕಾರಿ ಯೋಜನೆ ಇದ್ದರೆ ಹೊಸದನ್ನು ಹುಟ್ಟುಹಾಕಬೇಡಿ. ಅದಕ್ಕೆ ಎಲ್ಲರ ಹೆಸರು ನೋಂದಾಯಿಸಿ, ಕಾರ್ಡ್ ಮಾಡಿಸಿ, ಕಟ್ಟಲಾಗದವರ ಕಂತು ನೀವು ಕಟ್ಟಿ. ಅದೇ ಹಣ ಹತ್ತು ಪಟ್ಟು ಕೆಲಸ ಮಾಡುತ್ತದೆ.

ದೊಡ್ಡ ಹಣ ಕೊನೆಗೂ ಬರಬೇಕಾದ್ದು ತೆರಿಗೆಯಿಂದಲೇ. ಥಾಯ್ಲೆಂಡ್ 2002ರಲ್ಲಿ ಒಂದು ಭೇಟಿಗೆ 30 ಬಾತ್ (ಅಲ್ಲಿನ ನಾಣ್ಯ) ಅಂತ ಎಲ್ಲರಿಗೂ ಚಿಕಿತ್ಸೆ ಕೊಡತೊಡಗಿದಾಗ ಜಗತ್ತು ಬೆರಗಾಯಿತು, ಆದರೆ ಆ 30 ಬಾತ್‌ನಿಂದ ಆಸ್ಪತ್ರೆ ನಡೆಯುತ್ತಿರಲಿಲ್ಲ. ಪ್ರತಿ ಆಸ್ಪತ್ರೆಗೆ ಅದರ ವ್ಯಾಪ್ತಿಯ ಜನಸಂಖ್ಯೆ ಲೆಕ್ಕ ಹಾಕಿ ಸರ್ಕಾರದ ಹಣ ಹೋಗುತ್ತಿತ್ತು. ಅದಕ್ಕೂ ಮುಂಚೆ, 1980ರ ದಶಕದಲ್ಲೇ, ನಗರದ ದೊಡ್ಡ ಆಸ್ಪತ್ರೆಗಳ ಹೊಸ ಹೂಡಿಕೆ ತಡೆಹಿಡಿದು ಆ ಹಣವನ್ನು ಜಿಲ್ಲಾ ಮಟ್ಟದ ಚಿಕ್ಕ ಆಸ್ಪತ್ರೆಗಳಿಗೆ ತಿರುಗಿಸಿದ್ದರು. ಯಾವ ಸರ್ಕಾರಕ್ಕೂ ಇದು ಸುಲಭದ ಕೆಲಸ ಅಲ್ಲ, ನಗರದವರ ಕೂಗು ದೊಡ್ಡದು.

ಸರಿ, ನಿಮ್ಮ ಕೈಯಲ್ಲಿರುವ ಹಣಕ್ಕೆ ಬರೋಣ. ನಾನಾಗಿದ್ದರೆ ಮೊದಲು ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ವೈದ್ಯರಾದ ರಜನೀಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಮಹಾರಾಷ್ಟ್ರದ ಜಾಮ್‌ಖೇಡ್‌ನಲ್ಲಿ ಶುರು ಮಾಡಿದ ಕೆಲಸದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಇಂಥ ತರಬೇತಿ ಕೊಟ್ಟರು. ಅವರು ಆರಿಸಿಕೊಂಡವರಲ್ಲಿ ಓದು ಬರಹ ಬಾರದ ಹೆಂಗಸರೇ ಎಷ್ಟೋ ಜನ. ಅದೇ ರಾಜ್ಯದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಮತ್ತು ರಾಣಿ ಬಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನವಜಾತ ಶಿಶುವಿಗೆ ಸೋಂಕು ಬಂದರೆ ಗುರುತಿಸಿ, ಮನೆಯಲ್ಲೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುವುದನ್ನೂ ಹಳ್ಳಿಯ ಹೆಣ್ಣುಮಕ್ಕಳಿಗೆ ಕಲಿಸಿದರು. 39 ಹಳ್ಳಿಗಳಲ್ಲಿ ನಡೆದ ಈ ಕೆಲಸದ ಫಲ 1999ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಇಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. ಇದಕ್ಕೆ ಯಾವ ಕಟ್ಟಡವೂ ಬೇಕಾಗಲಿಲ್ಲ.

ಆದರೆ ಸಂಬಳ ಕೊಡಿ. ಸೇವೆ, ಗೌರವಧನ, ಪ್ರೋತ್ಸಾಹಧನ ಅಂತ ಹೆಸರಿಟ್ಟು ಬಡ ಹೆಂಗಸರ ಕೈಯಲ್ಲಿ ಅರ್ಧ ದುಡ್ಡಿಗೆ ಪೂರ್ತಿ ಕೆಲಸ ಮಾಡಿಸುವುದು ಎಲ್ಲ ಕಡೆ ನಡೆದಿದೆ, ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಇಥಿಯೋಪಿಯಾ 2003ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಪ್ರತಿ ಸ್ಥಳೀಯ ಘಟಕಕ್ಕೆ ಇಬ್ಬರು ಹೆಣ್ಣುಮಕ್ಕಳಿಗೆ ಒಂದು ವರ್ಷ ತರಬೇತಿ ಕೊಟ್ಟು ಸರ್ಕಾರಿ ಸಂಬಳಕ್ಕೆ ತೆಗೆದುಕೊಂಡರು, 30,000ಕ್ಕೂ ಹೆಚ್ಚು ಜನರನ್ನು. ಅಷ್ಟು ಬಡ ದೇಶಕ್ಕೆ ಸಾಧ್ಯವಾಗಿದ್ದು ಉಳಿದವರಿಗೆ ಯಾಕೆ ಆಗುವುದಿಲ್ಲ? ಮಾಡಿದ ಕೆಲಸಕ್ಕೆ ತಕ್ಕ ಹಣ ಕೊಡಿ, ಕೇಸಿಗಿಷ್ಟು ಅನ್ನುವ ಲೆಕ್ಕದ ಮೇಲೇ ಪೂರ್ತಿ ನಿಲ್ಲಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಮಾರ್ಗಸೂಚಿಯಲ್ಲಿ ಹೇಳಿದೆ.

ಎರಡನೆಯದು ಔಷಧಿ. ಯಾವ ಮಾತ್ರೆ ಎಷ್ಟು ದಿನ ಖಾಲಿ ಇತ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಅದರಷ್ಟು ಸತ್ಯ ಹೇಳುವ ದಾಖಲೆ ಇನ್ನೊಂದಿಲ್ಲ. ತಮಿಳುನಾಡು 1994ರಲ್ಲಿ ಔಷಧಿ ಖರೀದಿಗೇ ಒಂದು ನಿಗಮ ಮಾಡಿತು. ಖರೀದಿ ಒಂದೇ ಕಡೆ, ದೊಡ್ಡ ಪ್ರಮಾಣದಲ್ಲಿ, ಹಾಗಾಗಿ ಬೆಲೆ ಕಡಿಮೆ. ಆದರೆ ಹಂಚುವುದು ಮೇಲಿನವರ ಮರ್ಜಿಯಲ್ಲ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್, ಅದರಲ್ಲಿ ಇಷ್ಟು ಮೊತ್ತ ಅಂತ ಇರುತ್ತದೆ, ತಮಗೆ ಬೇಕಾದ ಔಷಧಿಯನ್ನು ಉಗ್ರಾಣದಿಂದ ಎತ್ತಿಕೊಳ್ಳಬಹುದು. ನೀವು ಚಿಕ್ಕವರು, ನಾಲ್ಕು ಸಂಸ್ಥೆ ಸೇರಿ ಒಟ್ಟಿಗೆ ಖರೀದಿ ಮಾಡಿದರೂ ಸಾಕು.

ಡಾಕ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಗಿನಿಂದ ಬಂದವರನ್ನು ದುಡ್ಡು ಕೊಟ್ಟು ಹಿಡಿದಿಡುವುದು ಕಷ್ಟ, ಹಳ್ಳಿಯಲ್ಲಿ ಹುಟ್ಟಿದ ಮಕ್ಕಳನ್ನೇ ಓದಿಸುವುದು ನಿಧಾನವಾದರೂ ನಿಲ್ಲುವ ದಾರಿ. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಿಂದ ಇದನ್ನೇ ಮಾಡುತ್ತಿದೆ. ಓದಿನ ಖರ್ಚು ಸಾಲವಾಗಿ ಸಿಗುತ್ತದೆ, ತಮ್ಮ ಪ್ರಾಂತ್ಯಕ್ಕೆ ಮರಳಿ ಒಟ್ಟು ಒಂಬತ್ತು ವರ್ಷ ದುಡಿದರೆ ಸಾಲ ಮನ್ನಾ. ಅಲ್ಲಿಯವರೆಗೆ ಫೋನಿನಲ್ಲಿ, ವಿಡಿಯೋದಲ್ಲಿ ಕೇಳಿ ಕಲಿಯುವ ದಾರಿ ಇದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ತಜ್ಞ ವೈದ್ಯ ಸಂಜೀವ್ ಅರೋರಾ ದೂರದ ಊರುಗಳ ಸಾಮಾನ್ಯ ವೈದ್ಯರಿಗೆ ವಿಡಿಯೋದಲ್ಲಿ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಕಾಯಿಲೆಯ ಚಿಕಿತ್ಸೆ ಹೇಳಿಕೊಟ್ಟರು. 2011ರ ಅಧ್ಯಯನದಲ್ಲಿ ಆ ಸಾಮಾನ್ಯ ವೈದ್ಯರ ರೋಗಿಗಳಲ್ಲಿ ಶೇ. 58.2 ಜನ ಗುಣವಾಗಿದ್ದರು, ವಿಶ್ವವಿದ್ಯಾಲಯದ ತಜ್ಞರ ಕ್ಲಿನಿಕ್‌ನಲ್ಲಿ ಶೇ. 57.5. ಇಲ್ಲಿ ಗಮನಿಸಬೇಕಾದ್ದು ರೋಗಿಗೆ ಪರದೆ ಮೇಲೆ ತಜ್ಞರನ್ನು ತೋರಿಸಿ ಕಳಿಸಲಿಲ್ಲ, ಊರಿನ ವೈದ್ಯರೇ ಕಲಿತರು.

ಇನ್ನು ಆಂಬ್ಯುಲೆನ್ಸ್. ಹೆರಿಗೆಯಲ್ಲಿ ತಾಯಂದಿರು ಸಾಯುವುದಕ್ಕೆ ಮೂರು ತಡಗಳು ಕಾರಣ ಅಂತ ಥಾಡಿಯಸ್ ಮತ್ತು ಮೇನ್ ಎಂಬ ಸಂಶೋಧಕರು 1994ರಲ್ಲಿ ಬರೆದರು: ಹೋಗೋಣ ಅಂತ ತೀರ್ಮಾನ ಮಾಡುವುದು ತಡ, ತಲುಪುವುದು ತಡ, ತಲುಪಿದ ಮೇಲೆ ಚಿಕಿತ್ಸೆ ಶುರುವಾಗುವುದು ತಡ. ಗಾಡಿ ಸರಿಮಾಡುವುದು ನಡುವಿನದನ್ನು ಮಾತ್ರ. ಹಾಗಾಗಿ ಸ್ವಂತ ಗಾಡಿಗಿಂತ ಮೊದಲು, ಪ್ರತಿ ಹಳ್ಳಿಯಲ್ಲೂ ವಾಹನ ಇರುವ ಒಂದಿಬ್ಬರ ಜೊತೆ ಮಾತಾಡಿ ದರ ಗೊತ್ತುಮಾಡಿ, ರಾತ್ರಿ ಕರೆದರೂ ಬರಬೇಕು, ಬಾಡಿಗೆ ಮರುದಿನವೇ ನಿಮ್ಮ ನಿಧಿಯಿಂದ ಸಿಗುತ್ತದೆ ಅಂತ ಬರೆದುಕೊಡಿ. ಕರೆದೊಯ್ಯುವ ಆಸ್ಪತ್ರೆಯಲ್ಲಿ ರಕ್ತ, ಅರಿವಳಿಕೆ ತಜ್ಞರು ಯಾವ ದಿನ ಇರುತ್ತಾರೆ ಅಂತ ಮೊದಲೇ ವಿಚಾರಿಸಿಡಿ. ದಾನಿ ಆಂಬ್ಯುಲೆನ್ಸೇ ಕೊಡಿಸುತ್ತೇನೆ ಅಂತ ಹಟ ಹಿಡಿದರೆ ಬೇಡ ಅನ್ನಬೇಡಿ, ಆದರೆ ಐದು ವರ್ಷದ ಚಾಲಕರ ಸಂಬಳ, ಡೀಸೆಲ್, ಟೈರ್, ವಿಮೆ, ರಿಪೇರಿ ಎಲ್ಲ ಸೇರಿಸಿ ಒಂದು ಮೊತ್ತ ಬರೆದು ಮುಂದಿಡಿ. ಚಾಲಕರು ಅಂದರೆ ಒಬ್ಬರಲ್ಲ, ಹಗಲು ರಾತ್ರಿ ರಜೆ ಎಲ್ಲ ಹಿಡಿದು ಕನಿಷ್ಠ ಮೂರು ಜನ. ಆ ಮೊತ್ತಕ್ಕೂ ಒಪ್ಪಿದರೆ ಗಾಡಿ ತಗೊಳ್ಳಿ.