ಹೆಡ್‌ಲೈಟ್ ನೆಲ ನೋಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಫೋಕ್ಸ್‌ವ್ಯಾಗನ್ ಸಮೂಹದ ಸೆಕೆಂಡ್ ಹ್ಯಾಂಡ್ ಸೆಡಾನ್. ಹೆಸರುಕಾಳು, ಮೆಣಸಿನಕಾಯಿ ಖರೀದಿಗೆಂದು ಹಳ್ಳಿ ತಿರುಗಿ ರಾತ್ರಿ ಮನೆ ಸೇರುತ್ತೇನೆ. ಎದುರು ವಾಹನ ಬಂದಾಗ ಹೈ ಬೀಮಿನಲ್ಲಿ ಅಷ್ಟು ಭಾಗವನ್ನು ಮಾತ್ರ ತಾನೇ ಮರೆಮಾಡುವ ಅಡಾಪ್ಟಿವ್ ಸೌಲಭ್ಯ ಬೇಕೆಂದು ದುಬೈನಿಂದ ಬಂದ ಹೆಡ್‌ಲೈಟ್ ಜೋಡಿಯನ್ನೂ ಮುಂಗಾಜಿನ ಕ್ಯಾಮೆರಾವನ್ನೂ ಹಾಕಿಸಿದೆ. ಪರಿಚಯದ ಹುಡುಗನೊಬ್ಬ ಇನ್ನೊಂದು ಕಾರಿನ ಕೋಡಿಂಗನ್ನೇ, ಅಂದರೆ ಕಾರಿನ ಕಂಪ್ಯೂಟರಿಗೆ ಕೊಡುವ ಸೂಚನೆಗಳ ಸಾಲನ್ನೇ, ನಕಲು ಮಾಡಿ ಹಾಕಿದ. ಈಗ ಲ್ಯಾಪ್‌ಟಾಪಿನಲ್ಲಿ 'ರಿಕ್ವೆಸ್ಟ್ ಔಟ್ ಆಫ್ ರೇಂಜ್' ಎಂದು ಬರುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಚಿಹ್ನೆ ಆರುವುದೇ ಇಲ್ಲ. ಬೆಳಕು ಬಾನೆಟ್ ಮುಂದೆಯೇ ಬೀಳುತ್ತದೆ.
— ಓದುಗರೊಬ್ಬರು, ಗದಗ

ಉತ್ತರ: ಮೊದಲು ಒಂದು ವಿನಂತಿ. ಇದು ಸರಿಯಾಗುವವರೆಗೆ ಕತ್ತಲಾದ ಮೇಲೆ ಈ ಕಾರು ತೆಗೆಯಬೇಡಿ.

ನಿಮ್ಮ ಪತ್ರದಲ್ಲಿರುವುದು ಎರಡು ಬೇರೆ ಬೇರೆ ದೂರುಗಳು. ಲ್ಯಾಪ್‌ಟಾಪಿನ ಸಂದೇಶದಿಂದ ಶುರು ಮಾಡೋಣ. ನಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಏನು ಬಂದರೂ 'ಕೋಡಿಂಗ್ ಎರರ್' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕಾರು ಮಾತ್ರ ಬಹಳ ಸ್ಪಷ್ಟವಾಗಿ ಉತ್ತರಿಸುತ್ತದೆ. ಸಂಖ್ಯೆ 22, ಅಂದರೆ 'ಕಂಡಿಷನ್ಸ್ ನಾಟ್ ಕರೆಕ್ಟ್' ಬಂದರೆ ಕಾರಿನ ಸ್ಥಿತಿ ಸರಿಯಿಲ್ಲ: ಇಗ್ನಿಷನ್ ಆನ್ ಆಗಿಲ್ಲ, ಎಂಜಿನ್ ಓಡುತ್ತಿದೆ ಅಥವಾ ಬ್ಯಾಟರಿ ಇಳಿದಿದೆ. 33 ಬಂದರೆ ಭದ್ರತಾ ಸಂಕೇತ ಕೊಟ್ಟಿಲ್ಲ. 2020ರ ಈಚಿನ ಕೆಲವು ಮಾದರಿಗಳಲ್ಲಿ ಎಸ್‌ಎಫ್‌ಡಿ ಎಂಬ ಬೀಗವೂ ಇರುತ್ತದೆ, ಅದನ್ನು ತಯಾರಕರ ಅನುಮತಿಯಿಂದಲೇ ತೆಗೆಯಬೇಕು. ನಿಮಗೆ ಬಂದಿರುವ 'ರಿಕ್ವೆಸ್ಟ್ ಔಟ್ ಆಫ್ ರೇಂಜ್' ಎಂಬುದರ ಸಂಖ್ಯೆ 31. ನೀವು ಕೇಳಿದ್ದು ಆ ಮಾಡ್ಯೂಲಿನಲ್ಲಿ (ಕಾರಿನ ಒಂದು ಭಾಗವನ್ನು ನಡೆಸುವ ಪುಟ್ಟ ಕಂಪ್ಯೂಟರಿನಲ್ಲಿ) ಇಲ್ಲ, ಅಥವಾ ಕೊಟ್ಟ ಮೌಲ್ಯ ಅದಕ್ಕೆ ಒಗ್ಗುವುದಿಲ್ಲ ಎಂದು ಅದರ ಅರ್ಥ.

ಕಾರಣ ಆ ನಕಲು. ಕೋಡಿಂಗ್ ಸಾಲಿನ ಬೈಟುಗಳು ಕಾರಿನಲ್ಲಿ ಯಾವ ಯಾವ ಸಲಕರಣೆಗಳಿವೆ ಎಂಬ ಲೆಕ್ಕ ಹೇಳುತ್ತವೆ. ಮಾಡ್ಯೂಲಿನ ಪಾರ್ಟ್ ನಂಬರ್, ಸಾಫ್ಟ್‌ವೇರ್ ಆವೃತ್ತಿ ಬದಲಾದರೆ ಸಾಲಿನ ಉದ್ದವೂ ಅರ್ಥವೂ ಬದಲಾಗಬಹುದು. ಹಾಗಾಗಿ ಒಂದು ಕಾರಿನ ಕೋಡಿಂಗನ್ನು ಇನ್ನೊಂದಕ್ಕೆ ಅನಾಮತ್ತಾಗಿ ಹಾಕುವ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಆ ಹುಡುಗನನ್ನು ಹಿಡಿದು ಹಳೆಯ ಕೋಡಿಂಗ್ ಪಡೆಯಿರಿ. ವಿಸಿಡಿಎಸ್ ಎಂಬ ಲ್ಯಾಪ್‌ಟಾಪ್ ತಂತ್ರಾಂಶ ಬಳಸಿದ್ದರೆ ಮೊದಲು ಮಾಡಿದ ಆಟೊ ಸ್ಕ್ಯಾನ್ ವರದಿಯಲ್ಲಿ, ಒಬಿಡಿ ಇಲೆವೆನ್ ಎಂಬ ಮೊಬೈಲ್ ಆ್ಯಪ್ ಆಗಿದ್ದರೆ ಹಿಸ್ಟರಿಯಲ್ಲಿ ಸಿಗುತ್ತದೆ. ಎಲ್ಲವನ್ನೂ ಮೊದಲಿದ್ದಂತೆ ಮಾಡಿ, ಬ್ಯಾಟರಿಗೆ ಚಾರ್ಜರ್ ಹಚ್ಚಿ, ಆಮೇಲೆ ಹೊಸದಾಗಿ ಆರಂಭಿಸಿ. 19ನೇ ಗೇಟ್‌ವೇ ಮಾಡ್ಯೂಲಿನ (ಉಳಿದ ಮಾಡ್ಯೂಲುಗಳನ್ನು ಒಂದಕ್ಕೊಂದು ಬೆಸೆಯುವುದು ಇದೇ) ಪಟ್ಟಿಯಲ್ಲಿ ಕ್ಯಾಮೆರಾ ಸೇರಿದೆಯೇ ನೋಡಿ. ಅಲ್ಲಿ ಸೇರದಿದ್ದರೆ ಮುಂದಿನದೆಲ್ಲ ವ್ಯರ್ಥ. ನಂತರ 55, ಅಂದರೆ ಹೆಡ್‌ಲೈಟ್ ಮಾಡ್ಯೂಲು, ಆಮೇಲೆ ಎ5, ಅಂದರೆ ಕ್ಯಾಮೆರಾ, ಕೊನೆಗೆ 09, ಅಂದರೆ ಕಾರಿನ ವಿದ್ಯುತ್ ಸಲಕರಣೆಗಳ ಕೇಂದ್ರ ಮಾಡ್ಯೂಲು. ಒಂದು ಬದಲಾವಣೆ ಮಾಡಿ, ದೋಷಗಳನ್ನು ಓದಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಕ್ಯಾಮೆರಾಕ್ಕೆ ಗುರಿಫಲಕ ಇಟ್ಟು ಕ್ಯಾಲಿಬ್ರೇಷನ್, ಅಂದರೆ ಅದರ ನೋಟದ ಹೊಂದಾಣಿಕೆ, ಮಾಡಿಸಲೇಬೇಕು, ಇಲ್ಲವಾದರೆ ಮರೆ ಒಂದು ಕಡೆ ಬೀಳುತ್ತದೆ, ಎದುರಿನವರ ಕಣ್ಣು ಇನ್ನೊಂದು ಕಡೆ ಇರುತ್ತದೆ.

ಇನ್ನು ನೆಲ ನೋಡುವ ಬೆಳಕು. ತನ್ನ ಮಟ್ಟ ಯಾವುದೆಂದು ತಿಳಿಯದಾಗ ಇಂಥ ಹೆಡ್‌ಲೈಟ್ ಸುರಕ್ಷತೆಗಾಗಿ ತಾನೇ ತಲೆ ತಗ್ಗಿಸುತ್ತದೆ. ಹೊಸ ಜೋಡಿ ಹಾಕಿದ ಮೇಲೆ 55ರಲ್ಲಿ ಬೇಸಿಕ್ ಸೆಟ್ಟಿಂಗ್, ಅಂದರೆ ದೀಪಕ್ಕೆ ಅದರ ಮೂಲ ಮಟ್ಟ ಕಲಿಸುವ ಕೆಲಸ, ಮಾಡಿಸಿದಿರಾ? ಮಾಡಿಸಿದ್ದರೂ ಹೀಗಿದ್ದರೆ ಕಾರಿನ ಅಡಿಗೆ ಹೋಗಿ, ಕಾರು ಎಷ್ಟು ಬಾಗಿದೆ ಎಂದು ಅಳೆಯುವ ಲೆವೆಲ್ ಸೆನ್ಸರ್ ನೋಡಿ. ಸಸ್ಪೆನ್ಷನ್ ತೋಳಿಗೂ ಸೆನ್ಸರಿಗೂ ನಡುವೆ ಬೆರಳುದ್ದದ ತೆಳು ಕಡ್ಡಿ, ಎರಡೂ ತುದಿಗೆ ಗುಂಡು ಕೀಲು. ನಿಮ್ಮ ಅಣ್ಣಿಗೇರಿ, ನವಲಗುಂದ ಸೀಮೆಯ ಎರೆ ಮಣ್ಣು ಮಳೆಗಾಲದಲ್ಲಿ ಆ ಕೀಲಿಗೆ ಮೆತ್ತಿಕೊಂಡು ಬೇಸಿಗೆಗೆ ಕಲ್ಲಾಗುತ್ತದೆ. ಕೀಲು ತಿರುಗದೆ ಕಡ್ಡಿ ಮುರಿಯುತ್ತದೆ. ಇದಕ್ಕೆ ಯಾವ ಲ್ಯಾಪ್‌ಟಾಪೂ ಮದ್ದಲ್ಲ. ನೀರು ಹಾಕಿ ತೊಳೆದು, ಕೈಯಿಂದ ಆಡಿಸಿ ನೋಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿರುವುದು 'ದುಬೈ' ಎಂಬ ಮಾತು. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ಲೋ ಬೀಮಿನ ಅಂಚು ಒಂದು ಬದಿಯಲ್ಲಿ ಸ್ವಲ್ಪ ಮೇಲೇರಿರುತ್ತದೆ, ರಸ್ತೆಬದಿ ಕಾಣಲೆಂದು. ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ಅಲ್ಲಿಯ ದೀಪದಲ್ಲಿ ಬಲಕ್ಕೆ ಏರುತ್ತದೆ, ಅಂದರೆ ನೇರವಾಗಿ ಎದುರು ಬರುವವರ ಮುಖಕ್ಕೆ. ದೀಪದ ಗಾಜಿನ ಮೇಲೆ ವೃತ್ತದೊಳಗೆ 'ಇ' ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದರ ಬಳಿ ಬಾಣದ ಗುರುತು ಹುಡುಕಿ. ಎದುರು ನಿಂತು ನೋಡುವ ನಿಮ್ಮ ಬಲಕ್ಕೆ ಬಾಣವಿದ್ದರೆ ಅದು ನಮ್ಮಂತೆ ಎಡಕ್ಕೆ ಚಲಿಸುವ ದೇಶಗಳಿಗೆ ಮಾಡಿದ್ದು. ಎರಡೂ ಕಡೆ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಬಲಕ್ಕೆ ಚಲಿಸುವ ದೇಶಗಳಿಗೆ ಮಾತ್ರ.

ಗೋಡೆಯ ಮೇಲೂ ಖಚಿತ ಮಾಡಿಕೊಳ್ಳಿ. ಸಮತಟ್ಟಾದ ನೆಲ, ಟಯರುಗಳಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಡಿಕ್ಕಿಯಲ್ಲಿ ಮೆಣಸಿನಕಾಯಿ ಚೀಲ ಇರಬಾರದು. 10 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಅಂಚು ದೀಪದ ಮಧ್ಯಭಾಗಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ನಿಮ್ಮ ದೀಪದ ಬೆಳಕು ಎಷ್ಟು ಇಳಿಯಬೇಕೆಂಬ ಪ್ರಮಾಣ ಬಾನೆಟ್ ಎತ್ತಿದರೆ ಅಲ್ಲೇ ಶೇಕಡಾ ಲೆಕ್ಕದಲ್ಲಿ ಮುದ್ರಿಸಿರುತ್ತದೆ, ಅದನ್ನೇ ಪಾಲಿಸಿ.

ಎಲ್ಲ ಸರಿಯಾದ ಮೇಲೂ ಹೈ ಬೀಮ್ ಕಡ್ಡಿಯಿಂದ ಕೈ ದೂರ ಇರಬಾರದು. ಕ್ಯಾಮೆರಾ ಗುರುತಿಸುವುದು ಬೆಳಕನ್ನು. ಮಂಕು ದೀಪದ ಹಳೆಯ ಬೈಕು, ಒಂದೇ ದೀಪ ಉರಿಯುವ ಟ್ರ್ಯಾಕ್ಟರ್ ಅದಕ್ಕೆ ತಡವಾಗಿ ಕಾಣುತ್ತವೆ. ನಡೆದು ಬರುವವರಿಗೆ, ಚಕ್ಕಡಿ ಹೊಡೆದುಕೊಂಡು ಬರುವವರಿಗೆ ದೀಪವೇ ಇರುವುದಿಲ್ಲ. ಅವರಿಗಾಗಿ ಬೆಳಕು ತಗ್ಗಿಸುವ ಕೆಲಸ ನಿಮ್ಮದೇ.

ಬಾಣದ ಗುರುತು ಸಿಗದಿದ್ದರೆ ಕೋಡಿಂಗಿಗೆ ಇನ್ನು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ಹಳೆಯ ಜೋಡಿಯನ್ನೇ ಮರಳಿ ಕೂರಿಸಿ. ಅದನ್ನು ಗುಜರಿಗೆ ಹಾಕಿಲ್ಲವೆಂದು ನಂಬಿದ್ದೇನೆ.